ಫಂಗಸ್ಸೋ ಅಲ್ಲವೋ: ನಾನು ಗುರುತು ಹಿಡಿಯುವ ಬಗೆ

ನಾನು ಚರ್ಮದ ಡಾಕ್ಟರ್. ತುರಿಕೆ ಅಂತ ಬರುವವರು ಬಹಳ ಸಲ ಕಾಯಿಲೆಯ ಹೆಸರನ್ನೂ ತಾವೇ ಹೇಳಿಬಿಡುತ್ತಾರೆ. ದುಂಡಗಿದ್ದರೆ ಹುಳುಕಡ್ಡಿ, ಬಿಳಿಯಾಗಿದ್ದರೆ ತೊನ್ನು, ಉಗುರು ದಪ್ಪಗಾದರೆ ಫಂಗಸ್. ಕೆಲವು ಸಲ ಸರಿಯಾಗಿರುತ್ತದೆ, ಕೆಲವು ಸಲ ಇಲ್ಲ. ಬರೀ ಆಕಾರ, ಬಣ್ಣ ನೋಡಿ ಹೆಸರಿಟ್ಟರೆ ಮೋಸ ಹೋಗುವುದು ಸುಲಭ. ನಾನು ಮೊದಲು ನೋಡುವುದು ಕಲೆಯ ಅಂಚನ್ನು. ಮೊದಲು ಕೇಳುವುದು, ‘ಇಲ್ಲಿಯ ತನಕ ಏನು ಹಚ್ಚಿದ್ದೀರಿ?’ ಅಂತ.

ಅಂಚೇ ಯಾಕೆ? ಹುಳುಕಡ್ಡಿ ತರುವ ಫಂಗಸ್‌ಗೆ ಕೆರಾಟಿನ್ ಅನ್ನುವ ಪ್ರೋಟೀನೇ ಆಹಾರ. ಚರ್ಮದ ಮೇಲ್ಪದರ, ಕೂದಲು, ಉಗುರು ಎಲ್ಲದರಲ್ಲೂ ಇರುವುದು ಅದೇ. ಫಂಗಸ್ ಒಂದು ಕಡೆ ನೆಲೆಯೂರಿ ಸುತ್ತಲೂ ಹರಡುತ್ತಾ ಹೋಗುತ್ತದೆ. ದೇಹ ಅದನ್ನು ನಡುವಿನಿಂದ ಹತ್ತಿಕ್ಕುತ್ತಾ ಬರುತ್ತದೆ. ಹಾಗಾಗಿ ನಡುವೆ ಚರ್ಮ ಸುಮಾರಾಗಿ ತಿಳಿಯಾಗಿರುತ್ತದೆ, ಜೋರೆಲ್ಲ ಅಂಚಿನಲ್ಲಿ. ಅಂಚು ಸ್ವಲ್ಪ ಉಬ್ಬಿರುತ್ತದೆ, ಹೊಟ್ಟು ಏಳುತ್ತಿರುತ್ತದೆ. ಅದು ಕೆಂಪಗಿರುತ್ತದೆ ಅಂತ ಓದಿರುತ್ತೀರಿ. ಕಪ್ಪು ಮೈಬಣ್ಣದವರಲ್ಲಿ ಅದು ಕಂದು ಇಲ್ಲವೇ ಬೂದು ಬಣ್ಣಕ್ಕೆ ಕಾಣಬಹುದು. ಕೆಂಪನ್ನೇ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಅದಕ್ಕೆ ನಾನು ಬೆಳಕನ್ನು ಓರೆಯಾಗಿ ಬಿಟ್ಟು ನೋಡುತ್ತೇನೆ. ಉಬ್ಬು ಬೇಗ ಗೊತ್ತಾಗುತ್ತದೆ.

ದುಂಡಗಿದ್ದೂ ಫಂಗಸ್ ಅಲ್ಲದವು ಬೇಕಾದಷ್ಟಿವೆ. ನಾಣ್ಯದಾಕಾರದ ಎಕ್ಸಿಮಾ ನಡುವಿನಿಂದ ಅಂಚಿನವರೆಗೂ ಒಂದೇ ಥರ ಇರುತ್ತದೆ, ಕೆಲವೊಮ್ಮೆ ನೀರು ಒಸರುತ್ತದೆ. ಸೋರಿಯಾಸಿಸ್‌ನಲ್ಲಿ ಹೊಟ್ಟು ದಪ್ಪ, ಮೊಣಕೈ ಮೊಣಕಾಲಿನ ಎರಡೂ ಕಡೆ ಬರುವುದು ಹೆಚ್ಚು. ಗ್ರಾನುಲೋಮಾ ಆನುಲೇರ್ ಅಂತ ಒಂದಿದೆ. ಉಂಗುರವೇನೋ ಅಚ್ಚುಕಟ್ಟಾಗಿರುತ್ತದೆ, ಆದರೆ ಹೊಟ್ಟೇ ಇರುವುದಿಲ್ಲ. ಇನ್ನೊಂದು ಮರೆಯಬಾರದ್ದು: ಕಲೆಯ ಮೇಲೆ ಹತ್ತಿ ಸವರಿದಾಗ ಸ್ಪರ್ಶ ಗೊತ್ತಾಗದಿದ್ದರೆ ಅದು ಹುಳುಕಡ್ಡಿ ಅಲ್ಲ, ಕುಷ್ಠರೋಗ ಇರಬಹುದು. ಹತ್ತಿ ಸವರಿ ನೋಡುವುದಕ್ಕೆ ಅರ್ಧ ನಿಮಿಷವೂ ಬೇಡ.

ಈಗ ‘ಏನು ಹಚ್ಚಿದ್ದೀರಿ?’ ಅನ್ನುವ ಆ ಪ್ರಶ್ನೆಯ ವಿಷಯ. ‘ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಂತುಹೋಯ್ತು ಡಾಕ್ಟ್ರೇ, ಬಿಟ್ಟ ಮೇಲೆ ಮತ್ತೆ ಬಂತು, ಈ ಸಲ ಜಾಸ್ತಿ.’ ಈ ಮಾತು ಕಿವಿಗೆ ಬಿದ್ದ ಕೂಡಲೇ ಟ್ಯೂಬ್ ತೋರಿಸಿ ಅನ್ನುತ್ತೇನೆ. ಅದರ ಮೇಲೆ ಕ್ಲೋಬೆಟಸಾಲ್ ಅಂತಲೋ ಬೆಟಾಮೆಥಸೋನ್ ಅಂತಲೋ ಬರೆದಿರುತ್ತದೆ. ಎರಡೂ ಸ್ಟಿರಾಯ್ಡ್. ಕೆಲವು ಟ್ಯೂಬ್‌ಗಳಲ್ಲಿ ಫಂಗಸ್ ಔಷಧಿಯನ್ನೂ ಸ್ಟಿರಾಯ್ಡನ್ನೂ ಸೇರಿಸಿಯೇ ತುಂಬಿರುತ್ತಾರೆ. ತುರಿಕೆ, ಉರಿ, ಕೆಂಪು ಎಲ್ಲ ಫಂಗಸ್ ವಿರುದ್ಧ ದೇಹ ನಡೆಸುವ ಹೋರಾಟದಿಂದ ಬರುವಂಥವು. ಸ್ಟಿರಾಯ್ಡ್ ಆ ಹೋರಾಟವನ್ನೇ ನಿಲ್ಲಿಸುತ್ತದೆ. ತುರಿಕೆ ಹೋಗುತ್ತದೆ, ಫಂಗಸ್ ಆರಾಮಾಗಿ ಹರಡುತ್ತದೆ.

ನನ್ನ ಕಷ್ಟ ಶುರುವಾಗುವುದು ಆಮೇಲೆ. ಅಂಚು ಮಾಸಿಹೋಗಿರುತ್ತದೆ. ಹೊಟ್ಟು ಇರುವುದಿಲ್ಲ. ಒಂದು ಉಂಗುರದೊಳಗೆ ಇನ್ನೊಂದು ಉಂಗುರ ಎದ್ದಿರುತ್ತದೆ. ಮುಖದ ಮೇಲಾದರೆ ಬಿಸಿಲಿನ ಅಲರ್ಜಿ ಅಂತ ಯಾರಾದರೂ ಅಂದುಕೊಳ್ಳಬಹುದು. ತೊಡೆಸಂದಿನಲ್ಲಿ ಚರ್ಮ ತೆಳುವಾಗಿ ಗೀಟು ಬಿದ್ದಿರುತ್ತದೆ. ಆ ಗೀಟು ಪೂರ್ತಿ ಹೋಗುವುದಿಲ್ಲ. ಕಾಯಿಲೆ ಗೊತ್ತಾಗುವ ಮೊದಲೇ ಮುಲಾಮು ಹಚ್ಚುವುದಕ್ಕಿಂತ ಏನೂ ಹಚ್ಚದೆ ಬರುವುದೇ ಎಷ್ಟೋ ಮೇಲು.

ಅನುಮಾನ ಇದ್ದರೆ ಕೆರೆದು ನೋಡುತ್ತೇನೆ. ದೊಡ್ಡ ಪರೀಕ್ಷೆ ಏನಲ್ಲ. ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಮೊಂಡು ಬ್ಲೇಡಿನಿಂದ ಅಂಚಿನ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಉದುರಿಸಿಕೊಳ್ಳುತ್ತೇನೆ. ನೋವಾಗುವುದಿಲ್ಲ. ಮೇಲೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ಚರ್ಮಕ್ಕೆ ಶೇ. 10ರದ್ದು ಸಾಕು, ಉಗುರಿಗೆ ಇನ್ನೂ ಗಟ್ಟಿ ಬೇಕು. ಅದು ಚರ್ಮದ ಕೋಶಗಳನ್ನು ಕರಗಿಸುತ್ತದೆ, ಫಂಗಸ್‌ನ ಗೋಡೆ ಹಾಗೇ ಉಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಬೆಳಕು ತಗ್ಗಿಸಿ ನೋಡಿದರೆ, ಕೋಶಗಳನ್ನು ಅಡ್ಡ ಹಾಯ್ದು ಹೋಗುವ, ಕವಲೊಡೆದ, ನಡುನಡುವೆ ಅಡ್ಡಗೋಡೆಗಳಿರುವ ಎಳೆಗಳು ಕಾಣುತ್ತವೆ. ಬಟ್ಟೆಯ ನೂಲು, ಕೋಶಗಳ ಗಡಿಗೆರೆ ಕೂಡ ಎಳೆಯ ಹಾಗೇ ಕಂಡು ಆಸೆ ಹುಟ್ಟಿಸುತ್ತವೆ. ನೂಲು ಎಲ್ಲೋ ಮೇಲೆ ತೇಲುತ್ತಿರುತ್ತದೆ, ಅಡ್ಡಗೋಡೆ ಇರುವುದಿಲ್ಲ. ನಡುಭಾಗದಿಂದ ಕೆರೆದರೆ, ಇಲ್ಲವೇ ಫಂಗಸ್ ಮುಲಾಮು ಹಚ್ಚಿಕೊಂಡೇ ಬಂದಿದ್ದರೆ ಏನೂ ಸಿಗದೆ ಹೋಗಬಹುದು. ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ತೀರಾ ಗೊಂದಲವಾದರೆ ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಫಂಗಸ್ ಬೆಳೆಸಿ ನೋಡುವುದಕ್ಕೆ, ಕಳಿಸುತ್ತೇನೆ. ಅದು ವಾರಗಟ್ಟಲೆ ಕಾಯಿಸುತ್ತದೆ.

ತೊಡೆಸಂದಿನ ತುರಿಕೆ ಅಂತ ಬಂದವರಿಗೆ ಸಾಕ್ಸ್ ಬಿಚ್ಚಿ ಅನ್ನುತ್ತೇನೆ. ಕೆಲವರಿಗೆ ಆಶ್ಚರ್ಯ. ಎಷ್ಟೋ ಸಲ ಮೂಲ ಇರುವುದೇ ಕಾಲಿನಲ್ಲಿ. ನಾಲ್ಕನೇ ಮತ್ತು ಕಿರುಬೆರಳಿನ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಬಿರುಕು ಬಿಟ್ಟಿರುತ್ತದೆ. ಒಳಉಡುಪು ಹಾಕಿಕೊಳ್ಳುವಾಗ ಅದು ಪಾದದಿಂದ ಮೇಲಕ್ಕೆ ದಾಟುತ್ತದೆ. ಅದಕ್ಕೇ ಮೊದಲು ಸಾಕ್ಸ್, ಆಮೇಲೆ ಒಳಉಡುಪು ಅಂತ ಹೇಳಿ ಕಳಿಸುತ್ತೇನೆ. ಪಾದದ ಅಡಿಯೆಲ್ಲ ಒಣಗಿ ಹೊಟ್ಟೆದ್ದಿದ್ದರೆ ಅದನ್ನು ಬರೀ ಒಣಚರ್ಮ ಅಂತ ಬಿಡುವವರೂ ಇದ್ದಾರೆ. ಎರಡು ಪಾದ, ಒಂದೇ ಅಂಗೈ ಹೀಗಾಗಿದ್ದರೆ ಫಂಗಸ್ ಅನುಮಾನ ಬಲವಾಗುತ್ತದೆ.

ಇದೇ ತೊಡೆಸಂದಿನಲ್ಲಿ, ಕಂಕುಳಲ್ಲಿ, ಸ್ತನದ ಕೆಳಗೆ ಬರುವ ಕ್ಯಾಂಡಿಡಾ ಬೇರೆ ಜಾತಿಯ ಫಂಗಸ್. ಅದು ಹಸಿಹಸಿಯಾಗಿರುತ್ತದೆ, ಉರಿ ಜಾಸ್ತಿ. ಗಡಿಯಾಚೆ ಸಣ್ಣ ಸಣ್ಣ ಗುಳ್ಳೆಗಳು ಚದುರಿಕೊಂಡಿರುತ್ತವೆ. ಗಂಡಸರಲ್ಲಿ ಹುಳುಕಡ್ಡಿ ಸಾಮಾನ್ಯವಾಗಿ ವೃಷಣದ ಚೀಲವನ್ನು ಬಿಟ್ಟುಬಿಡುತ್ತದೆ, ಕ್ಯಾಂಡಿಡಾ ಬಿಡುವುದಿಲ್ಲ. ಕ್ಯಾಂಡಿಡಾ ಮತ್ತೆ ಮತ್ತೆ ಬರುತ್ತಿದ್ದರೆ ರಕ್ತದ ಸಕ್ಕರೆ ನೋಡಿಸುತ್ತೇನೆ. ಹೆಂಗಸರಲ್ಲಿ ಗಟ್ಟಿಗಟ್ಟಿ ಬಿಳಿ ಸ್ರಾವ, ಜೊತೆಗೆ ವಿಪರೀತ ತುರಿಕೆ ಇದ್ದು ಕೆಟ್ಟ ವಾಸನೆ ಇಲ್ಲದಿದ್ದರೆ ಅದೂ ಇದೇ ಇರಬಹುದು. ವಾಸನೆ ಇದ್ದರೆ ಬೇರೆ ಕಾರಣ ಹುಡುಕಬೇಕು. ಬಾಯೊಳಗಿನ ಬಿಳಿ ಪದರವನ್ನು ಒರೆಸಿ ನೋಡುತ್ತೇನೆ. ಎದ್ದು ಬಂದು ಅಡಿಯಲ್ಲಿ ಕೆಂಪಗಿದ್ದರೆ ಕ್ಯಾಂಡಿಡಾ ಅಂತ ಬಹುತೇಕ ಹೇಳಬಹುದು. ಸ್ಟಿರಾಯ್ಡ್ ಇನ್‌ಹೇಲರ್ ಎಳೆದು ಬಾಯಿ ಮುಕ್ಕಳಿಸದವರಲ್ಲಿ ಇದನ್ನು ನೋಡುತ್ತಿರುತ್ತೇನೆ. ಏನು ಮಾಡಿದರೂ ಎದ್ದು ಬರದ ಬಿಳಿ ಕಲೆಯನ್ನು ಸುಮ್ನೆ ಬಿಡಬೇಡಿ, ತೋರಿಸಿ.

ಚಿಬ್ಬಿಗೆ ಜನ ಹೆದರುವುದೇ ಜಾಸ್ತಿ. ಎದೆ, ಬೆನ್ನು, ಕತ್ತಿನ ಮೇಲೆ ತಿಳಿಬಣ್ಣದ ಇಲ್ಲವೇ ಕಂದು ಕಲೆಗಳು. ಉಗುರಿನಿಂದ ಮೆಲ್ಲಗೆ ಕೆರೆದರೆ ನವಿರಾದ ಹೊಟ್ಟು ಏಳುತ್ತದೆ. ತೊನ್ನು ಹಾಗಲ್ಲ, ಹಾಲಿನಂಥ ಬಿಳಿ, ಹೊಟ್ಟಿಲ್ಲ. ಚಿಬ್ಬು ತರುವ ಮಲಸೀಜಿಯಾ ಅನ್ನುವ ಫಂಗಸ್ ಎಲ್ಲರ ಚರ್ಮದ ಮೇಲೂ ಇರುವಂಥದ್ದೇ, ಇನ್ನೊಬ್ಬರಿಂದ ಅಂಟಿದ್ದಲ್ಲ. ಔಷಧಿಗೆ ಫಂಗಸ್ ಸತ್ತ ಮೇಲೂ ಬಣ್ಣ ಮರಳುವುದಕ್ಕೆ ತಿಂಗಳುಗಳು ಬೇಕು. ಕೆರೆದರೆ ಹೊಟ್ಟು ಏಳದಿದ್ದರೆ ಔಷಧಿ ಕೆಲಸ ಮಾಡಿದೆ ಅಂತ ಅರ್ಥ, ಮತ್ತೆ ಹಚ್ಚುತ್ತಾ ಹೋಗಬೇಕಿಲ್ಲ.

ಮಕ್ಕಳ ತಲೆಯಲ್ಲಿ ಒಂದು ಕಡೆ ಕೂದಲು ಉದುರಿ, ಹೊಟ್ಟೆದ್ದು, ಮುರಿದ ಕೂದಲಿನ ತುಂಡುಗಳು ಕಪ್ಪು ಚುಕ್ಕೆಯ ಹಾಗೆ ಕಂಡರೆ ಮುಲಾಮಿನಿಂದ ಆಗುವ ಕೆಲಸವಲ್ಲ. ಫಂಗಸ್ ಕೂದಲ ಬುಡದೊಳಗೆ ಇಳಿದಿರುತ್ತದೆ, ಹೊಟ್ಟೆಗೆ ಔಷಧಿ ಕೊಡಲೇಬೇಕು. ಇದೇ ಜೋರಾಗಿ ಕೀವು ತುಂಬಿ ಮೆತ್ತಗೆ ಊದಿಕೊಳ್ಳುವುದುಂಟು. ಕುರು ಅಂತ ಅದನ್ನು ಕೊಯ್ಯಬಾರದು. ತಡವಾದರೆ ಆ ಜಾಗದಲ್ಲಿ ಮತ್ತೆ ಕೂದಲು ಬರದೆ ಹೋಗಬಹುದು.

ಉಗುರಿನ ವಿಷಯದಲ್ಲಿ ಮಾತ್ರ ನಾನು ಕಣ್ಣನ್ನು ನಂಬುವುದೇ ಇಲ್ಲ. ಹಳದಿಯಾಗಿ ದಪ್ಪಗಾದ ಉಗುರಿಗೆ ಸೋರಿಯಾಸಿಸ್, ಬಿಗಿ ಶೂ ಕೂಡ ಕಾರಣವಾಗುತ್ತವೆ. ಪರೀಕ್ಷೆಯಲ್ಲಿ ಫಂಗಸ್ ಸಿಗದೆ ತಿಂಗಳುಗಟ್ಟಲೆ ಮಾತ್ರೆ ಕೊಡುವುದಿಲ್ಲ. ಸಿಕ್ಕರೆ, ಟೆರ್ಬಿನಾಫಿನ್ ಕೈಯುಗುರಿಗೆ ಸಾಮಾನ್ಯವಾಗಿ 6 ವಾರ, ಕಾಲುಗುರಿಗೆ 12 ವಾರ. ಕೊಡುವ ಮೊದಲು ಲಿವರ್ ಪರೀಕ್ಷೆ ಮಾಡಿಸುತ್ತೇನೆ. ಮಾತ್ರೆ ಮುಗಿದ ದಿನ ಉಗುರು ಚೆನ್ನಾಗಿ ಕಾಣುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲುಗುರು ಅದರ ಅರ್ಧವೂ ಬೆಳೆಯುವುದಿಲ್ಲ. ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಹಿಡಿಯುತ್ತದೆ. ಹಾಗಾಗಿ ಶುರುವಿನಲ್ಲೇ ಕೆಟ್ಟ ಭಾಗ ಮತ್ತು ಒಳ್ಳೆಯ ಭಾಗ ಸೇರುವ ಕಡೆ ಉಗುರಿನ ಮೇಲೆ ಒಂದು ಸಣ್ಣ ಗೀರು ಹಾಕುತ್ತೇನೆ. ಮುಂದಿನ ಸಲ ಬಂದಾಗ ಗೀರು ತುದಿಯ ಕಡೆ ಸರಿದು, ಅದರ ಹಿಂದೆ ಬೆಳೆದದ್ದೆಲ್ಲ ತಿಳಿಯಾಗಿದ್ದರೆ ಸರಿ. ರೋಗ ಗೀರನ್ನು ದಾಟಿ ಬುಡದ ಕಡೆ ಬಂದಿದ್ದರೆ ಆ ಔಷಧಿ ಬದಲಿಸುತ್ತೇನೆ.