ಗ್ಲ್ಯಾಂಡ್ ದಾರಕ್ಕೆ ಅಮೆರಿಕದಲ್ಲಿ ಏನಂತಾರೆ?

ತುಮಕೂರಿನ ಕಡೆಯಿಂದ ಇಲ್ಲಿ ಅಮೆರಿಕಕ್ಕೆ ಮೆಂಟೆನೆನ್ಸ್ ಕೆಲಸಕ್ಕೆ ಬರುವ ಹುಡುಗರು ಮೊದಲ ತಿಂಗಳಲ್ಲೇ ನನ್ನನ್ನು ಕೇಳುತ್ತಾರೆ, "ಅಣ್ಣಾ, ಇದಕ್ಕೆ ಇಲ್ಲಿ ಏನಂತಾರೆ?" ಕೆಲಸ ಕೈಗೆ ಗೊತ್ತಿರುತ್ತದೆ. ಹೆಸರು ಬಾಯಿಗೆ ಬರುವುದಿಲ್ಲ.

ನನಗೂ ಹಾಗೇ ಆಗಿತ್ತು. ಒಂದು ಗೇಟ್ ವಾಲ್ವಿನ ಸ್ಪಿಂಡಲ್ (ಹಿಡಿಕೆಗೆ ಸೇರಿದ ಕಡ್ಡಿ) ಪಕ್ಕ ನೀರು ತೊಟ್ಟಿಕ್ಕುತ್ತಿತ್ತು. ತುಮಕೂರಿನ ಅಂತರಸನಹಳ್ಳಿಯ ವರ್ಕ್‌ಶಾಪ್‌ನಲ್ಲಿ ಎಷ್ಟೋ ಸಲ ಮಾಡಿದ ಕೆಲಸ, ಸೋರದಂತೆ ಸ್ಪಿಂಡಲ್‌ಗೆ ಸುತ್ತಿದ ಹಳೆಯ ಗ್ಲ್ಯಾಂಡ್ ದಾರ ಕಿತ್ತು ಹೊಸದು ಸುತ್ತಿದರೆ ಮುಗಿಯಿತು. ಸ್ಟೋರ್‌ನಲ್ಲಿ 'ರೋಪ್' ಅಂದೆ, ಕಟ್ಟುವ ಹಗ್ಗ ತೋರಿಸಿದರು. 'ಸೀಲ್' ಅಂದೆ, ಬಾನೆಟ್ ಗ್ಯಾಸ್ಕೆಟ್ ತಂದಿಟ್ಟರು. ಅದು ಬಾಡಿಗೂ ಮೇಲಿನ ಮುಚ್ಚಳಕ್ಕೂ ನಡುವೆ ಕೂರುವುದು. ನನಗೆ ಬೇಕಿದ್ದದ್ದು ಆ ದಾರ, ಇಲ್ಲಿ ಅದಕ್ಕೆ ಪ್ಯಾಕಿಂಗ್ ಅಂತಾರೆ. ಆ ಒಂದು ಪದಕ್ಕೆ ಅರ್ಧ ದಿನ ಹೋಯಿತು.

ಅದಕ್ಕೇ ಹೇಳುವುದು, ನಮ್ಮ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಬೇಡಿ. ಡಿಕ್ಷನರಿ ತಿರುವಿ ಹಾಕುವುದು ಸುಮ್ನೆ ಟೈಮ್ ಹಾಳು. ವಾಲ್ವಿನ ಮೈಮೇಲೋ ತಗಡಿನ ಮೇಲೋ ಕಂಪನಿಯ ಹೆಸರು, ಸೈಜು, ಮಾಡೆಲ್ ನಂಬರ್ ಇರುತ್ತದೆ. ಅದನ್ನು ಹಾಕಿ ಹುಡುಕಿ. ವಾಲ್ವನ್ನು ಸೀಳಿ ತೋರಿಸಿದ ಚಿತ್ರ ಸಿಗುತ್ತದೆ, ಒಂದೊಂದು ಭಾಗಕ್ಕೂ ನಂಬರ್, ಪಕ್ಕದಲ್ಲಿ ಹೆಸರು. ನಿಮ್ಮ ಭಾಗ ಎಲ್ಲಿ ಕೂತಿದೆ ಅಂತ ನಿಮಗೆ ಗೊತ್ತು, ಅಲ್ವಾ? ಅಲ್ಲಿಗೆ ಬೆರಳಿಡಿ. ಆ ಹೆಸರನ್ನೇ ಆರ್ಡರಿನಲ್ಲಿ ಬರೆಯಿರಿ.

ಊರಿನಲ್ಲಿ ನಮ್ಮ ಬಾಯಲ್ಲಿರುವುದು ಜಾಸ್ತಿ ಬ್ರಿಟಿಷ್ ಹೆಸರುಗಳು. ನಮ್ಮ ಸ್ಪಿಂಡಲ್ ಇಲ್ಲಿ ಸ್ಟೆಮ್. ದಾರವನ್ನು ಒತ್ತಿ ಹಿಡಿಯುವ ಗ್ಲ್ಯಾಂಡ್ ನಟ್ ಇಲ್ಲಿ ಪ್ಯಾಕಿಂಗ್ ನಟ್. ಬೋರ್‌ವೆಲ್ ಪೈಪಿನ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಇಲ್ಲಿ ಚೆಕ್ ವಾಲ್ವ್. ಪಂಪು ನೀರೆಳೆಯುವ ಪೈಪಿನ ಬುಡದ ಫುಟ್ ವಾಲ್ವ್ ಮಾತ್ರ ಎರಡೂ ಕಡೆ ಫುಟ್ ವಾಲ್ವೇ.

ಹೆಸರು ಒಂದೇ ಇದ್ದು ಕೈಕೊಡುವುದು ಅರ್ಧ ಇಂಚಿನ ಪೈಪಿನ ಥ್ರೆಡ್ (ತಿರುಪಿನ ಹಲ್ಲು). ಊರಿನಲ್ಲಿ ಬಿಎಸ್‌ಪಿ ಅನ್ನುವ ಬ್ರಿಟಿಷ್ ಅಳತೆಯ ಥ್ರೆಡ್, ಇಲ್ಲಿ ಎನ್‌ಪಿಟಿ ಅನ್ನುವ ಅಮೆರಿಕದ ಅಳತೆಯದು. ಎರಡಕ್ಕೂ ಇಂಚಿಗೆ 14 ಹಲ್ಲು. ಆದರೆ ಹಲ್ಲಿನ ಕೋನ ಬಿಎಸ್‌ಪಿಯಲ್ಲಿ 55 ಡಿಗ್ರಿ, ಎನ್‌ಪಿಟಿಯಲ್ಲಿ 60. ಕೈಯಲ್ಲೇ ಎರಡು ಸುತ್ತು ಹತ್ತುತ್ತದೆ, ಸರಿಯಾಗಿದೆ ಅನಿಸುತ್ತದೆ, ನೀರು ಬಿಟ್ಟಾಗ ಸೋರುತ್ತದೆ. ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ಅದನ್ನು ನಂಬಬೇಡಿ. ಊರಿನಿಂದ ಫಿಟ್ಟಿಂಗ್ ಹೊತ್ತು ತರಲೂಬೇಡಿ.

ಇನ್ನೂ ಹೊರಡದವರು ಒಂದು ಕೆಲಸ ಮಾಡಿ. ಗುಜರಿ ಅಂಗಡಿಯಿಂದ ಹಳೆಯ ಗೇಟ್ ವಾಲ್ವ್ ಒಂದನ್ನು ತಂದು ಬಿಚ್ಚಿ. ಭಾಗಗಳನ್ನು ಪೇಪರಿನ ಮೇಲೆ ಸಾಲಾಗಿ ಇಟ್ಟು, ಊರಿನ ಹೆಸರು, ಇಲ್ಲಿನ ಹೆಸರು ಎರಡನ್ನೂ ಪಕ್ಕದಲ್ಲಿ ಬರೆದು ಫೋಟೋ ತೆಗೆದುಕೊಳ್ಳಿ. ಸ್ಟೋರ್‌ನಲ್ಲಿ ಬಾಯಿ ಕಟ್ಟಿದರೆ ಆ ಫೋಟೋ ತೋರಿಸಬಹುದು.