ಕಡಿಮೆ ಖರ್ಚಿನಲ್ಲಿ ಮಲೆನಾಡ ಮನೆ ಸಿಂಗಾರ: ಮೊದಲು ಗೋಡೆ, ಆಮೇಲೆ ಅಂಗಡಿ

ಮನೆ ಚೆಂದ ಮಾಡಬೇಕು ಅನ್ನಿಸಿದ ತಕ್ಷಣ ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ದುರ್ಗಿಗುಡಿಯಲ್ಲೋ ಒಂದು ಸುತ್ತು ಹಾಕುತ್ತೇವೆ. ಪ್ಲಾಸ್ಟಿಕ್ ಹೂವು, ಗೋಡೆಗೆ ಅಂಟಿಸುವ ಸ್ಟಿಕ್ಕರ್, ಒಂದೆರಡು ಗೊಂಬೆ ಚೀಲದಲ್ಲಿ ಬರುತ್ತವೆ. ಜೂನ್‌ನಲ್ಲಿ ಮಳೆ ಹಿಡಿದುಕೊಂಡಿತೋ, ಸ್ಟಿಕ್ಕರ್ ತುದಿ ಬಿಟ್ಟು ಜೋತು ಬೀಳುತ್ತದೆ, ಹೂವಿನ ಮೇಲೆ ಕಪ್ಪು ಬೂಸ್ಟು ಕೂರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಷ್ಟಿಲ್ಲದಿದ್ದರೂ ಜುಲೈ ತಿಂಗಳಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಹೀಗಿರುವಾಗ ಕೈಯಲ್ಲಿ ಇರುವ ನಾಲ್ಕು ಕಾಸು ಗೋಡೆಗೆ ಮತ್ತು ಬೆಳಕಿಗೆ ಹೋಗಬೇಕು. ಉಳಿದ ಸಾಮಾನಿನಲ್ಲಿ ಮುಕ್ಕಾಲು ಪಾಲು ನಮ್ಮ ಅಟ್ಟದ ಮೇಲೆ, ಟ್ರಂಕಿನೊಳಗೆ ಆಗಲೇ ಇರುತ್ತದೆ.

ದೀಪಾವಳಿ ಕಳೆದ ಮೇಲಿಂದ ಯುಗಾದಿಯವರೆಗಿನ ದಿನಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು. ಬಿಸಿಲಿರುತ್ತದೆ, ಬಳಿದದ್ದು ಒಣಗುತ್ತದೆ. ಒಂದೇ ಕೋಣೆ ಆರಿಸಿಕೊಳ್ಳಿ. ಇಡೀ ಮನೆಗೆ ಒಟ್ಟಿಗೆ ಕೈ ಹಾಕಿದರೆ ದುಡ್ಡೂ ಸಾಲದು, ಉತ್ಸಾಹವೂ ಸಾಲದು.

ಖಾಲಿ ಮಾಡಿ, ಒಣಗಿಸಿ

ಕೋಣೆಯ ಎಲ್ಲ ಸಾಮಾನನ್ನೂ ಜಗಲಿಗೆ ತನ್ನಿ. ಕ್ಯಾಲೆಂಡರ್, ಮೊಳೆ, ಎಲ್ಲ. ಖಾಲಿ ಗೋಡೆ ನೋಡಿದಾಗಲೇ ಎಲ್ಲಿ ಥಂಡಿ ಇಳಿದಿದೆ ಅಂತ ಗೊತ್ತಾಗುವುದು. ಅದರ ಮೂಲ ಹುಡುಕಿ: ಹೆಂಚು ಒಡೆದಿದೆಯಾ, ಸೂರಿನ ನೀರು ಹರಿಯುವ ದಂಬೆಯಲ್ಲಿ ತರಗು ಕಟ್ಟಿದೆಯಾ, ಹೊರಗೆ ಗೋಡೆಯ ಬುಡದಲ್ಲಿ ನೀರು ನಿಲ್ಲುತ್ತದೆಯಾ? ಇದನ್ನು ಸರಿ ಮಾಡದೆ ಎಷ್ಟು ದುಬಾರಿ ಪೇಂಟ್ ಹೊಡೆದರೂ ಮುಂದಿನ ಮಳೆಗಾಲಕ್ಕೆ ಅದು ಹಪ್ಪಳದ ಹಾಗೆ ಎದ್ದು ಬರುತ್ತದೆ.

ಬೂಸ್ಟು ಇರುವ ಕಡೆ ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು ಒಣಗಲು ಬಿಡಿ. ಆಮೇಲೆ ಬ್ಲೀಚಿಂಗ್ ಪೌಡರ್ ನೀರಿನಿಂದ ಒರೆಸಿ. ಆಗ ಕಿಟಕಿಗಳೆಲ್ಲ ತೆರೆದಿರಲಿ. ಬ್ಲೀಚಿಂಗ್ ಪೌಡರನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಖಂಡಿತ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಸುಣ್ಣವನ್ನು ಮರೆಯಬೇಡಿ

ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ಅಥವಾ ಹಿಂದೆ ಸುಣ್ಣವನ್ನೇ ಬಳಿದ ಗೋಡೆಯಾದರೆ ಮತ್ತೆ ಸುಣ್ಣವೇ ಸರಿ. ಅಗ್ಗ ಅನ್ನುವುದು ಒಂದು ಕಾರಣ. ಸುಣ್ಣದ ಕ್ಷಾರಕ್ಕೆ ಬೂಸ್ಟು ಸುಲಭವಾಗಿ ಬೆಳೆಯುವುದಿಲ್ಲ, ಗೋಡೆಯೊಳಗಿನ ತೇವವೂ ಹೊರಗೆ ಬಂದು ಆರುತ್ತದೆ ಅನ್ನುವುದು ದೊಡ್ಡ ಕಾರಣ. ಪ್ಲಾಸ್ಟಿಕ್ ಪೇಂಟ್ ಆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಆದರೆ ಈಗಾಗಲೇ ಎಮಲ್ಷನ್ ಅಥವಾ ಆಯಿಲ್ ಪೇಂಟ್ ಆಗಿರುವ ಗೋಡೆಗೆ ಸುಣ್ಣ ಕೂರುವುದಿಲ್ಲ. ಅಲ್ಲಿ ಬರೀ ಒಂದು ಗೋಡೆಗೆ ತಿಳಿ ಬಣ್ಣದ ಎಮಲ್ಷನ್ ಸಾಕು. ಹತ್ತಡಿ ಉದ್ದ, ಹತ್ತಡಿ ಎತ್ತರದ ಗೋಡೆಗೆ ಎರಡು ಸಲ ಹೊಡೆಯಲು ಎರಡು ಲೀಟರ್ ಬೇಕು.

ಸುಣ್ಣ ಬಳಿಯುವ ಕ್ರಮ ಹೀಗೆ. ಒಂದು ಕೆ.ಜಿ. ಸುಟ್ಟ ಸುಣ್ಣದ ಕಲ್ಲಿಗೆ ಸುಮಾರು ಐದು ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲಿ ನೀರು ತುಂಬಿಸಿಕೊಂಡು ಅದಕ್ಕೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಕಲ್ಲಿನ ಮೇಲೆ ನೀರು ಸುರಿಯಬೇಡಿ. ಕೊತಕೊತ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಕನ್ನಡಕ ಹಾಕಿಕೊಂಡು, ಮಕ್ಕಳನ್ನು ದೂರ ಇಟ್ಟು ಈ ಕೆಲಸ ಮಾಡಿ. ಒಂದು ದಿನ ಪೂರ್ತಿ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಗೋಂದು ಸ್ವಲ್ಪ ಸೇರಿಸಿ. ಗೋಂದು ಹಾಕಿದರೆ ಒರಗಿದಾಗ ಬೆನ್ನಿಗೆ ಬಿಳಿ ಮೆತ್ತುವುದು ಕಡಿಮೆ. ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿದ್ದರೆ ಬಿಳುಪು ಹೊಳೆಯುತ್ತದೆ. ಗೋಡೆಗೆ ನೀರು ಚಿಮುಕಿಸಿಕೊಂಡು, ಹಾಲಿನಷ್ಟು ತೆಳುವಾಗಿ ಮೂರು ಸಲ ಬಳಿಯಿರಿ. ಮೊದಲ ಸಲ ಬಳಿದಾಗ ಏನೂ ಕಾಣುವುದಿಲ್ಲ, ಗಾಬರಿ ಬೇಡ. ಒಣಗಿದ ಮೇಲೆಯೇ ಬಿಳುಪು ಏಳುವುದು.

ಬೆಳಕು

ನಮ್ಮ ಕಡೆಯ ಹಳೇ ಮನೆಗಳಲ್ಲಿ ನಡುಮನೆ ಹಗಲಲ್ಲೂ ಕತ್ತಲೆ. ಮಂಗಳೂರು ಹೆಂಚಿನ ಮಾಡಾದರೆ ಒಂದೆರಡು ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸಿ. ಅದೇ ಅಳತೆಯಲ್ಲಿ ಸಿಗುತ್ತದೆ, ಹೆಂಚು ಕೈಯಾಡಿಸುವವರು ಬಂದಾಗ ಹೇಳಿದರಾಯಿತು. ನಾಡಹೆಂಚಿನ ಮಾಡಿಗೆ ಮಾತ್ರ ಇದು ಹೊಂದುವುದಿಲ್ಲ. ನನ್ನನ್ನು ಕೇಳಿದರೆ, ಇಷ್ಟು ಕಡಿಮೆ ದುಡ್ಡಿಗೆ ಮನೆಯ ಮುಖವನ್ನೇ ಬದಲಿಸುವ ವಸ್ತು ಇನ್ನೊಂದಿಲ್ಲ. ತಾರಸಿ ಮನೆಯವರು ಕಿಟಕಿಯ ಎದುರು ಗೋಡೆಗೆ ಒಂದು ಕನ್ನಡಿ ಹಾಕಿ.

ರಾತ್ರಿಗೆ ಬಿಳಿ ಟ್ಯೂಬ್‌ಲೈಟ್ ಒಂದೇ ಇದ್ದರೆ ಕೋಣೆ ಆಸ್ಪತ್ರೆಯ ಥರ ಕಾಣುತ್ತದೆ. ಡಬ್ಬಿಯ ಮೇಲೆ 2,700 ಅಥವಾ 3,000 ಕೆಲ್ವಿನ್ ಅಂತ ಬರೆದಿರುವ ಹಳದಿ ಬೆಳಕಿನ ಎಲ್‌ಇಡಿ ಬಲ್ಬ್ ತನ್ನಿ. ಮೇದಾರರ ಹತ್ತಿರ ಬಿದಿರಿನ ಸಣ್ಣ ಬುಟ್ಟಿ ತೆಗೆದುಕೊಂಡು, ತಳದಲ್ಲಿ ಹೋಲ್ಡರ್ ಹಿಡಿಸುವಷ್ಟು ತೂತು ಮಾಡಿ ತಲೆಕೆಳಗಾಗಿ ತೂಗುಹಾಕಿ. ಹೆಣಿಗೆಯ ಸಂದಿಯಿಂದ ಬೆಳಕು ಗೆರೆ ಗೆರೆಯಾಗಿ ಸುಣ್ಣದ ಗೋಡೆಯ ಮೇಲೆ ಬೀಳುತ್ತದೆ. ಒಳಗೆ ಎಲ್‌ಇಡಿಯೇ ಇರಲಿ, ಹಳೇ ಬಲ್ಬಿನ ಕಾವಿಗೆ ಬಿದಿರು ಹತ್ತಿಕೊಳ್ಳಬಹುದು.

ಒಂದು ಗೋಡೆಗೆ ಚಿತ್ತಾರ

ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿದ್ದೀರಲ್ವಾ? ಮದುವೆಗೆ ಹಸೆಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುತ್ತಾರೆ. ಅದರ ಬಣ್ಣಗಳೆಲ್ಲ ಸುತ್ತಮುತ್ತಲಿನವೇ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಬೀಜ. ಕುಂಚ ಪುಂಡಿ ನಾರಿನದು. ತಲೆಮಾರುಗಳಿಂದ ಕೈಯಿಂದ ಕೈಗೆ ಬಂದ ವಿದ್ಯೆ ಇದು. ಒಂದೇ ಸಲಕ್ಕೆ ಪೂರ್ತಿ ಹಸೆ ಬರೆಯಲು ಹೋಗದೆ, ಬಾಗಿಲಿನ ಸುತ್ತ ಅಂಚಿನಿಂದ ಶುರು ಮಾಡಿ. ಬರೆಯಬಲ್ಲವರು ಊರಿನಲ್ಲಿದ್ದರೆ ಕೂಲಿ ಕೊಟ್ಟು ಕರೆಸಿ, ಪಕ್ಕದಲ್ಲಿ ಕೂತು ಕಲಿಯಿರಿ.

ಬಾಡಿಗೆ ಮನೆಯವರು ಎರಡಡಿಗೆ ಮೂರಡಿ ಪ್ಲೈವುಡ್ ತುಂಡಿನ ಮೇಲೆ ಬರೆಯಬಹುದು. ಕೆಮ್ಮಣ್ಣನ್ನು ಜರಡಿ ಹಿಡಿದು, ನೀರಿನಲ್ಲಿ ಕಲಸಿ, ಸ್ವಲ್ಪ ಫೆವಿಕಾಲ್ ಸೇರಿಸಿ ಎರಡು ಸಲ ಬಳಿಯಿರಿ. ಒಂದು ದಿನ ಒಣಗಲಿ. ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ. ಬೆರಳಿಂದ ಎತ್ತಿದರೆ ತಟಕ್ಕನೆ ಬೀಳದೆ ನಿಧಾನಕ್ಕೆ ಇಳಿಯಬೇಕು, ಅದೇ ಹದ. ನಾರಿನ ಐದಾರು ಎಳೆ ಸೇರಿಸಿ ಸಣ್ಣ ಕಡ್ಡಿಗೆ ಕಟ್ಟಿ. ಎಳೆಗಳನ್ನು ಉದ್ದಕ್ಕೆ ಮಲಗಿಸಿ ನಿಮ್ಮ ಕಡೆಗೆ ಎಳೆದರೆ ಗೆರೆ ನೇರ ಬರುತ್ತದೆ. ತುದಿಯಿಂದ ಚುಚ್ಚಿ ಬರೆದರೆ ಗೆರೆ ನಡುಗುತ್ತದೆ. ಕೈ ಕುದುರುವವರೆಗೆ ಹಳೇ ಪೇಪರಿನ ಮೇಲೆ ಸುಮ್ನೆ ಗೆರೆ ಎಳೆಯುತ್ತಿರಿ. ಮಳೆಗಾಲದಲ್ಲಿ ಅಕ್ಕಿಯ ಗೆರೆಯನ್ನು ಹುಳ ತಿನ್ನುವುದುಂಟು. ಹಬ್ಬಕ್ಕೊಮ್ಮೆ ತಿದ್ದಲು ಪುರುಸೊತ್ತಿಲ್ಲದವರು ಬಿಳಿ ಎಮಲ್ಷನ್ ಬಳಸಲಿ, ತಪ್ಪೇನಿಲ್ಲ.

ಬಟ್ಟೆ

ಅಮ್ಮನ ಹಳೇ ಹತ್ತಿ ಸೀರೆ ಇದ್ದರೆ ಪರದೆ ಕೊಳ್ಳಬೇಕಿಲ್ಲ. ಐದೂವರೆ ಮೀಟರ್ ಅಂದರೆ ಹದಿನೆಂಟು ಅಡಿ. ಏಳಡಿ ಬಾಗಿಲಿಗೆ ಮಡಿಕೆ ಸೇರಿ ಏಳೂವರೆ ಅಡಿ ಬಟ್ಟೆ ಬೇಕು, ಹಾಗಾಗಿ ಒಂದು ಸೀರೆಯಲ್ಲಿ ಎರಡು ಬಾಗಿಲ ಪರದೆ. ಮಿಕ್ಕ ಮೂರಡಿಯಲ್ಲಿ ಎರಡು ಸಣ್ಣ ದಿಂಬಿನ ಕವರ್. ಸೆರಗಿನ ಭಾಗ ಪರದೆಯ ಕೆಳಗೆ ಬರಲಿ, ಅದೇ ಕಣ್ಣಿಗೆ ಬೀಳುವುದು. ನೆಲದಿಂದ ನಾಲ್ಕು ಬೆರಳು ಮೇಲೆ ನಿಲ್ಲಿಸಿ, ಇಲ್ಲದಿದ್ದರೆ ಮಳೆಗಾಲದ ಕೆಸರೆಲ್ಲ ಪರದೆಗೇ. ಸಿಂಥೆಟಿಕ್ ಸೀರೆ ಬೇಡ, ಬೆಳಕು ಅದರಲ್ಲಿ ಮೃದುವಾಗಿ ಇಳಿಯುವುದಿಲ್ಲ. ಸವೆದ ಸೋಫಾ ಮೇಲೆ ಕೌದಿ ಹಾಸಿ.

ವಾಪಸ್ ಜೋಡಿಸುವಾಗ

ಜಗಲಿಯಲ್ಲಿರುವ ಸಾಮಾನು ಅಷ್ಟೂ ಒಳಗೆ ಬರಬಾರದು. ಅರ್ಧ ಸಾಕು. ಬೀರು, ಸೋಫಾ ಗೋಡೆಗೆ ಅಂಟದೆ ಮೂರು ಇಂಚು ಮುಂದಿರಲಿ, ಗಾಳಿ ಆಡಬೇಕು. ಫೋಟೋಗಳ ಹಿಂದೆಯೂ ಅಷ್ಟೇ: ಸವೆದ ಹವಾಯಿ ಚಪ್ಪಲಿಯ ರಬ್ಬರನ್ನು ಸಣ್ಣ ಚೌಕವಾಗಿ ಕತ್ತರಿಸಿ ಚೌಕಟ್ಟಿನ ನಾಲ್ಕೂ ಮೂಲೆಗೆ ಅಂಟಿಸಿದರೆ ಫೋಟೋ ಗೋಡೆಯಿಂದ ಅರ್ಧ ಇಂಚು ದೂರ ನಿಲ್ಲುತ್ತದೆ, ಥಂಡಿ ಹಿಡಿಯುವುದಿಲ್ಲ. ಅಟ್ಟದಲ್ಲಿ ಮಳೆಗೆ ತಲೆ ಮೇಲೆ ಹಾಕಿಕೊಳ್ಳುವ ಗೊರಬು, ಮೊರ, ಹಿತ್ತಾಳೆ ಚೊಂಬು ಸಿಕ್ಕಿದರೆ ಹುಣಸೆಹಣ್ಣಿನಿಂದ ಚೊಂಬು ತಿಕ್ಕಿ, ಗೊರಬಿನ ಧೂಳು ಕೊಡವಿ ಗೋಡೆಗೆ ಏರಿಸಿ. ಒಂದು ಗೋಡೆಗೆ ಒಂದೇ ವಸ್ತು.

ಗಿಡಕ್ಕೆ ಮಲೆನಾಡಿನಲ್ಲಿ ದುಡ್ಡು ಕೊಡುವುದೇ ಬೇಡ. ಡೇರೆ ಹೂವಿನ (ಡೇಲಿಯಾ) ಗೆಡ್ಡೆ ಪಕ್ಕದ ಮನೆಯವರನ್ನು ಕೇಳಿ, ಬದಲಿಗೆ ನಿಮ್ಮಲ್ಲಿರುವ ಬಣ್ಣದ್ದು ಕೊಡಿ. ಕ್ರೋಟನ್ ಟೊಂಗೆ ಮೊದಲ ಮಳೆಗೆ ಚುಚ್ಚಿದರೆ ಹಿಡಿಯುತ್ತದೆ. ಬಾಟಲಿಯಲ್ಲಿ ಮನಿಪ್ಲಾಂಟ್ ಇಟ್ಟರೆ ವಾರಕ್ಕೊಮ್ಮೆ ನೀರು ಬದಲಿಸಲೇಬೇಕು, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಂಥ ನೀರಿನಲ್ಲೇ. ಕಾಡಿನ ಮರದಿಂದ ಸೀತಾಳೆ (ಆರ್ಕಿಡ್) ಕಿತ್ತು ತರಬೇಡಿ. ಅದು ಮರದ ಮೇಲೆ ಇದ್ದರೇ ಚೆಂದ, ಮನೆಯಲ್ಲಿ ಬದುಕುವುದೂ ಕಷ್ಟ.

ಇಷ್ಟಾದ ಮೇಲೂ ಕೈಯಲ್ಲಿ ಏನಾದರೂ ಉಳಿದಿದ್ದರೆ ಒಂದೇ ಒಂದು ಒಳ್ಳೆಯ ವಸ್ತು ಕೊಳ್ಳಿ. ಹೆಗ್ಗೋಡಿನ ಚರಕ ಅನ್ನುವ ಮಹಿಳಾ ಸಹಕಾರ ಸಂಘದ ಕೈಮಗ್ಗದ ಬಟ್ಟೆ ಆಗಬಹುದು. ಅಡಿಕೆ ಚೊಗರಿನಂಥ (ಅಡಿಕೆ ಬೇಯಿಸಿದ ನೀರು) ನೈಸರ್ಗಿಕ ಬಣ್ಣ ಹಾಕುತ್ತಾರೆ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯೂ ಆಗಬಹುದು. ಬುಟ್ಟಿ ತಂದರೆ ಹೊರಗೋಡೆಗೆ ಹಾಕಬೇಡಿ, ಒಳಗಿನ ಒಣ ಗೋಡೆ ನೋಡಿ ಹಾಕಿ. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಅರ್ಧ ಗಂಟೆ ಜಗಲಿಯ ನೆರಳಿನಲ್ಲಿ ಗಾಳಿಗೆ ಇಡಿ. ನೇರ ಬಿಸಿಲಿಗೆ ಕೆಮ್ಮಣ್ಣು ಬಿರುಕು ಬಿಡುತ್ತದೆ.