ಬ್ಯಾಕ್ಟೀರಿಯಾ ನಮ್ಮನ್ನು ಹಾಸಿಗೆ ಹಿಡಿಸುವುದು ಹೇಗೆ?

ಬಾಯಿಯಲ್ಲಿ, ಕರುಳಿನಲ್ಲಿ, ಚರ್ಮದ ಮೇಲೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿವೆ. ಹೆಚ್ಚಿನವು ನಮ್ಮ ತಂಟೆಗೆ ಬರುವುದಿಲ್ಲ. ತಂಟೆಗೆ ಬರುವ ಕೆಲವೂ ಒಂದೊಂದೇ ತಡೆ ದಾಟಿಕೊಂಡು ಬರಬೇಕು.

ಮೊದಲನೆಯದು ಪ್ರವೇಶ. ಚರ್ಮ ಒಡೆಯದಿದ್ದರೆ ಅಲ್ಲಿಂದ ನುಸುಳುವುದು ಕಷ್ಟ. ಧನುರ್ವಾಯು ಬರುವುದು ಗಾಯದ ಮೂಲಕ. ಕ್ಷಯ ಉಸಿರಿನೊಂದಿಗೆ, ಟೈಫಾಯ್ಡ್ ಮತ್ತು ಕಾಲರಾ ನೀರು, ಆಹಾರದೊಂದಿಗೆ ಒಳಹೋಗುತ್ತವೆ. ಹೊಟ್ಟೆ ಸೇರಿದವುಗಳಲ್ಲಿ ಬಹುಪಾಲನ್ನು ಜಠರದ ಆಮ್ಲವೇ ಕೊಂದುಹಾಕುತ್ತದೆ. ಆದ್ದರಿಂದ ಎಷ್ಟು ಒಳಹೋದವು ಎಂಬುದೂ ಮುಖ್ಯ. ರಕ್ತಭೇದಿ ತರುವ ಶಿಗೆಲ್ಲಾ ಆಮ್ಲಕ್ಕೆ ಜಗ್ಗುವುದಿಲ್ಲ. 10ರಿಂದ 100 ಸಾಕು. ಆರೋಗ್ಯವಂತರಲ್ಲಿ ಕಾಲರಾ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಲಕ್ಷಗಟ್ಟಲೆ, ಕೋಟಿಗಟ್ಟಲೆ ಬೇಕು. ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಲ್ಲಿ ಅಷ್ಟು ಬೇಡ.

ಎರಡನೆಯದು ಅಂಟಿಕೊಳ್ಳುವುದು. ಮೂತ್ರನಾಳದ ಸೋಂಕು ತರುವ ಇ. ಕೋಲಿಯ ಮೈಮೇಲೆ ಕೂದಲಿಗಿಂತ ಸಣ್ಣ ಎಳೆಗಳಿರುತ್ತವೆ. ಅವುಗಳ ತುದಿಯಿಂದ ಜೀವಕೋಶವನ್ನು ಕಚ್ಚಿಕೊಳ್ಳದಿದ್ದರೆ ಮೂತ್ರದೊಂದಿಗೆ ಕೊಚ್ಚಿಹೋಗುವುದೇ ಗತಿ.

ಬೇರೂರಿದ ಮೇಲೆ ಹೆಚ್ಚುವ ಕೆಲಸ. ಅನುಕೂಲವಿದ್ದರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಲೆಕ್ಕ ಹಾಕಿ ನೋಡಿ: 7 ಗಂಟೆಯಲ್ಲಿ ಒಂದು ಹೋಗಿ 20 ಲಕ್ಷ ದಾಟುತ್ತದೆ. ದೇಹ ಸುಮ್ಮನಿರುವುದಿಲ್ಲ, ನಿಜ. ಆದರೆ ನ್ಯುಮೋನಿಯಾ ತರುವ ನ್ಯೂಮೊಕಾಕಸ್ ಜಾರುವ ಕವಚ ತೊಟ್ಟು ಬಿಳಿರಕ್ತಕಣಗಳ ಬಾಯಿಂದ ತಪ್ಪಿಸಿಕೊಳ್ಳುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಇನ್ನೂ ಗಟ್ಟಿ. ತನ್ನನ್ನು ನುಂಗಿದ ಕಣದೊಳಗೇ ವರ್ಷಗಟ್ಟಲೆ ಬದುಕಿಕೊಂಡಿರಬಲ್ಲದು.

ಇಷ್ಟಾದರೂ ಕಾಯಿಲೆ ಎಲ್ಲಿಂದ ಬಂತು? ಜ್ವರ, ಊತ, ಕೀವಿನಲ್ಲಿ ದೊಡ್ಡ ಪಾಲು ನಮ್ಮ ದೇಹದ ಪ್ರತಿದಾಳಿಯದೇ. ಇನ್ನುಳಿದದ್ದು ವಿಷದ ಕೆಲಸ. ಕಾಲರಾದ ಬ್ಯಾಕ್ಟೀರಿಯಾ ಕರುಳಿನ ಜೀವಕೋಶದೊಳಗೆ ಹೊಗುವುದೇ ಇಲ್ಲ. ಹೊರಗಿದ್ದುಕೊಂಡೇ ವಿಷ ಬಿಡುತ್ತದೆ. 1959ರಲ್ಲಿ ಕೋಲ್ಕತ್ತದ ವಿಜ್ಞಾನಿ ಶಂಭುನಾಥ ಡೇ ಬ್ಯಾಕ್ಟೀರಿಯಾವನ್ನೆಲ್ಲ ಸೋಸಿ ತೆಗೆದ ದ್ರವವನ್ನು ಮೊಲದ ಕರುಳಿಗೆ ಹಾಕಿದಾಗಲೂ ಅಲ್ಲಿ ನೀರು ತುಂಬಿಕೊಂಡಿತು. ಈ ವಿಷ ಒಂದು ಕಿಣ್ವವನ್ನು ಬಿಚ್ಚಿಟ್ಟ ನಲ್ಲಿಯಂತೆ ನಿಲ್ಲದಂತೆ ಮಾಡುತ್ತದೆ: ಮೊದಲು ಕ್ಲೋರೈಡ್, ಅದರ ಬೆನ್ನಿಗೆ ಸೋಡಿಯಂ, ಅವುಗಳ ಬೆನ್ನಿಗೆ ನೀರು ಕರುಳಿನೊಳಕ್ಕೆ ಹರಿದುಬರುತ್ತದೆ. ತೀವ್ರವಾದಾಗ ಗಂಟೆಗೆ ಒಂದು ಲೀಟರ್‌ವರೆಗೂ ಹೊರಹೋಗಬಹುದು. ಅದರೊಂದಿಗೇ ಬ್ಯಾಕ್ಟೀರಿಯಾ ಕೂಡ ಮುಂದಿನವರ ನೀರು ಸೇರುತ್ತದೆ.

ಆಗಲೇ ಜೀವಕೋಶ ಹೊಕ್ಕ ವಿಷವನ್ನು ಆ್ಯಂಟಿಬಯಾಟಿಕ್ ಮುಟ್ಟಲಾರದು. ಆದ್ದರಿಂದ ಕಾಲರಾದಲ್ಲಿ ಮೊದಲ ಚಿಕಿತ್ಸೆ ಕಳೆದುಕೊಂಡ ನೀರು, ಲವಣವನ್ನು ತುಂಬಿಕೊಡುವುದು. ಗ್ಲೂಕೋಸ್ ಜೊತೆಗೆ ಸೋಡಿಯಂ ಒಳಗೆಳೆದುಕೊಳ್ಳುವ ಕರುಳಿನ ದಾರಿಯನ್ನು ಈ ವಿಷ ಕೆಡಿಸುವುದಿಲ್ಲ. ಗ್ಲೂಕೋಸ್, ಲವಣ ಬೆರೆಸಿದ ನೀರಾದ ಓಆರ್‌ಎಸ್ ಕೆಲಸ ಮಾಡುವುದು ಆ ದಾರಿಯಿಂದಲೇ.